ನಿಮಗಿದು ಗೊತ್ತೇ? ಎಚ್‌ಐವಿ ಇರುವ ತಾಯಿಯೂ ಎದೆಹಾಲು ಕೊಡಬಹುದು

● ಎದೆಹಾಲಿನಿಂದ ಎಚ್‌ಐವಿ ತಗಲಬಹುದೆಂಬ ಸಂಗತಿ 1985ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು. ಆ ತಾಯಿಗೆ ಸೋಂಕು ಬಂದದ್ದು ಹೆರಿಗೆಯ ನಂತರ ಕೊಟ್ಟ ರಕ್ತದಿಂದ.

● ತಾಯಿ ಔಷಧಿಯನ್ನೇ ತೆಗೆದುಕೊಳ್ಳದಿದ್ದರೆ ಎದೆಹಾಲಿನಿಂದ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 5ರಿಂದ 20. ಆಫ್ರಿಕಾದ ಹಲವು ದೇಶಗಳಲ್ಲೂ ಭಾರತದಲ್ಲೂ ನಡೆದ ‘ಪ್ರಾಮಿಸ್’ ಅಧ್ಯಯನದಲ್ಲಿ, ತಾಯಂದಿರು ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ) ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅದು ನೂರಕ್ಕೆ ಒಂದಕ್ಕಿಂತ ಕೆಳಗಿಳಿದಿತ್ತು. ಪೂರ್ತಿ ಇಲ್ಲವಾಗಲಿಲ್ಲ, ನಿಜ. ಆದ್ದರಿಂದಲೇ ಒಂದು ದಿನವೂ ಮಾತ್ರೆ ತಪ್ಪಬಾರದು.

● ಮೊದಲ ಆರು ತಿಂಗಳು ಎದೆಹಾಲಷ್ಟೇ ಕೊಡಬೇಕು. ಔಷಧಿ ಸಿಗದಿದ್ದ ಕಾಲದಲ್ಲಿ, ಡರ್ಬನ್ನಿನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಎದೆಹಾಲಿನ ಜೊತೆ ಬೇರೆ ಆಹಾರವನ್ನೂ ಉಂಡ ಮಕ್ಕಳಿಗೇ ಸೋಂಕು ಹೆಚ್ಚು ತಗಲಿತ್ತು. ಬೇರೆ ಆಹಾರ ಎಳೆಗರುಳಿನ ಒಳಪದರವನ್ನು ಕೆರಳಿಸಿ ವೈರಸ್ಸಿಗೆ ದಾರಿ ಮಾಡುತ್ತದೆಂದು ತಜ್ಞರ ಅಂದಾಜು. ನಮ್ಮ ಮನೆಗಳಲ್ಲಿ ನಾಲಿಗೆಗೆ ಜೇನುತುಪ್ಪ ಸವರುತ್ತಾರೆ, ಬಜೆ ತೇಯ್ದು ನೆಕ್ಕಿಸುತ್ತಾರೆ, ಒಳಲೆಯಲ್ಲಿ ಒಂದಿಷ್ಟು ಹಸುವಿನ ಹಾಲು ಹಾಕುತ್ತಾರೆ. ಅಜ್ಜಿಯರು ಅಕ್ಕರೆಯಿಂದಲೇ ಕೊಡುವುದು, ಆದರೂ ಬೇಡ. ಅಕಸ್ಮಾತ್ ಕೊಟ್ಟಾಗಿದ್ದರೆ ಗಾಬರಿಯಿಂದ ಎದೆಹಾಲು ನಿಲ್ಲಿಸಬೇಡಿ. ಮಾತ್ರೆ ಮುಂದುವರಿಯುತ್ತಿದ್ದರೆ ಹಾಲೂ ಮುಂದುವರಿಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೈದ್ಯರು ಹೇಳಿದ ಸಿರಪ್, ಓಆರ್‌ಎಸ್ ಕೊಡಲು ಅಡ್ಡಿಯಿಲ್ಲ.

● ಬೋಟ್ಸ್ವಾನಾ ಸರ್ಕಾರ ಎಚ್‌ಐವಿ ಇರುವ ತಾಯಂದಿರಿಗೆ ಹಾಲಿನ ಪುಡಿಯನ್ನು ಉಚಿತವಾಗಿ ಹಂಚುತ್ತಿತ್ತು. 2006ರ ಆರಂಭದಲ್ಲಿ ಭಾರಿ ಮಳೆ ಬಂದು ಕುಡಿಯುವ ನೀರು ಕೆಟ್ಟಿತು, ವಾಂತಿಭೇದಿ ಹಬ್ಬಿತು. ಜೀವ ಬಿಟ್ಟ ಕೂಸುಗಳಲ್ಲಿ ಬಹುತೇಕ ಎದೆಹಾಲು ಕುಡಿಯದವು. ಸೋಂಕಿನಿಂದ ಉಳಿಸಲು ಕೊಟ್ಟ ಪುಡಿ ಆ ನೀರಿನಲ್ಲಿ ಕದಡಿದಾಗ ವಿಷವಾಯಿತು.

● ಪುಡಿಹಾಲೇ ಸಾಕೆನ್ನುವ ತಾಯಿಯನ್ನು ದೂರುವಂತಿಲ್ಲ, ಆ ನಿರ್ಧಾರ ಅವಳದು. ಆದರೆ ಪ್ರತಿ ಸಲ ಕುದಿಸಿದ ನೀರು, ಶುಚಿಯಾದ ಲೋಟ, ಆರು ತಿಂಗಳಿಗೂ ಸಾಲುವಷ್ಟು ಹಣ ಬೇಕು. “ಯಾಕಮ್ಮಾ, ಹಾಲು ಕೊಡ್ತಿಲ್ವಾ?” ಎನ್ನುವ ಅಕ್ಕಪಕ್ಕದವರಿಗೆ ಉತ್ತರವೂ ಬೇಕು.

● ಮೊಲೆತೊಟ್ಟು ಬಿರಿದರೆ, ಕೀವಾದರೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿಯಿಂದ ಕುಡಿಸಿ. ಕೂಡಲೇ ವೈದ್ಯರಿಗೆ ತೋರಿಸಿ.

● ಹುಟ್ಟಿದ ಮಗುವಿಗೆ ಔಷಧಿಯ ಸಿರಪ್ ಶುರುಮಾಡುತ್ತಾರೆ. ಆರು ವಾರಕ್ಕೆ ಹಿಮ್ಮಡಿ ಚುಚ್ಚಿ, ಕಾಗದದ ಮೇಲಿನ ವೃತ್ತಗಳಿಗೆ ರಕ್ತದ ಹನಿ ಇಳಿಸಿ ಪರೀಕ್ಷೆಗೆ ಕಳಿಸುತ್ತಾರೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದಾದ್ದರಿಂದ ಅಲ್ಲಿಯವರೆಗೆ ಸಾಮಾನ್ಯ ಪರೀಕ್ಷೆಯ ‘ಪಾಸಿಟಿವ್’ ನೆಚ್ಚುವಂತಿಲ್ಲ.

● ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ಸಹಾಯವಾಣಿ 1097, ಕರೆಗೂ ದುಡ್ಡಿಲ್ಲ.