ಕೊಡೈಕೆನಾಲ್‌ಗೆ ಬಂದ ಪಾದರಸ

ಜ್ವರ ನೋಡುವ ಗಾಜಿನ ಕಡ್ಡಿ ಒಡೆದು, ಪಾದರಸ ಗುಂಡುಗುಂಡಾಗಿ ನೆಲದ ಮೇಲೆ ಉರುಳಿದ್ದನ್ನು ನೀವು ನೋಡಿರಬಹುದು. ಆ ಗುಂಡುಗಳು ಕೋಣೆಯ ಬಿಸುಪಿಗೇ ಆವಿಯಾಗುತ್ತವೆ. ಬಣ್ಣ, ವಾಸನೆ ಇಲ್ಲದ ಆ ಆವಿಯನ್ನು ಉಸಿರಾಡಿದರೆ ಸುಮಾರು ಶೇ. 80ರಷ್ಟು ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡಗಳನ್ನು ಮುಟ್ಟುತ್ತದೆ.

ಇಂಥ ಕಡ್ಡಿ ತಯಾರಿಸುತ್ತಿದ್ದ ಕಾರ್ಖಾನೆಯೊಂದು 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಿಂದ ತಮಿಳುನಾಡಿನ ಕೊಡೈಕೆನಾಲ್‌ಗೆ ಬಂತು. ಚೀಸ್‌ಬ್ರೋ-ಪಾಂಡ್ಸ್ ಕಂಪನಿಯ ಈ ಘಟಕ ಮುಂದೆ ಯೂನಿಲಿವರ್ ಕೈ ಸೇರಿತು. ಪಾದರಸ ಹೊರದೇಶದಿಂದ ಬರುತ್ತಿತ್ತು, ತಯಾರಾದ ಥರ್ಮಾಮೀಟರ್ ಹೊರದೇಶಕ್ಕೇ ಹೋಗುತ್ತಿತ್ತು. ಊರಿಗೆ ಉಳಿದದ್ದು ಕೂಲಿ ಮತ್ತು ಕಸ.

ವಿದೇಶಿ ಬಂಡವಾಳ ಪರಿಸರಕ್ಕೆ ಏನು ಮಾಡುತ್ತದೆ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಎರಡು ವಾದಗಳಿವೆ. ಕಾನೂನು ಸಡಿಲವಿದ್ದಲ್ಲಿಗೆ ಕೊಳಕು ಉದ್ಯಮ ಹರಿದು ಬರುತ್ತದೆ ಎನ್ನುವುದು ಒಂದು. ಹೊರಗಿನ ಕಂಪನಿ ಸ್ವಚ್ಛ ತಂತ್ರಜ್ಞಾನವನ್ನೂ ಜೊತೆಗೆ ತರುತ್ತದೆ ಎನ್ನುವುದು ಇನ್ನೊಂದು. ಎರಡಕ್ಕೂ ಪುರಾವೆ ಸಿಗುತ್ತದೆ. ಬಂಡವಾಳ ಇಳಿಯುವ ಊರಿನಲ್ಲಿ ಅದನ್ನು ಹಿಡಿದು ಕೇಳುವವರು ಯಾರು ಎನ್ನುವುದರ ಮೇಲೆ ಫಲ ನಿಂತಿದೆ ಎಂಬುದು ನನ್ನ ನಂಬಿಕೆ. ಕೊಡೈಕೆನಾಲ್ ಅದನ್ನೇ ಹೇಳುತ್ತದೆ.

ಈ ಕಾರ್ಖಾನೆ ಬಂದಾಗ ನಮ್ಮಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯೇ ಇರಲಿಲ್ಲ. ಭೋಪಾಲ್ ದುರಂತದ ಬಳಿಕ 1986ರಲ್ಲಿ ಅದು ಬಂತು, 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದವು. ಕಾಗದದ ಮೇಲೆ ಕಾನೂನು ಬಂದ ಮೇಲೂ ಹನ್ನೆರಡು ವರ್ಷ ಕೆಲಸ ನಡೆಯಿತು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಅಂಟಿದ 7.4 ಟನ್ ಗಾಜಿನ ಚೂರು ಸಿಕ್ಕಿತು. ಅದನ್ನು ಬಯಲಿಗೆಳೆದವರು ಸ್ಥಳೀಯರು ಮತ್ತು ಗ್ರೀನ್‌ಪೀಸ್ ಕಾರ್ಯಕರ್ತರು. ಕಾರ್ಖಾನೆ ಮುಚ್ಚಿತು.

ಆದರೆ ಆ ನಿಯಮಗಳು ವ್ಯರ್ಥವಾಗಲಿಲ್ಲ. ಜನ ದನಿ ಎತ್ತಿದಾಗ ಹಿಡಿದು ನಿಲ್ಲಲು ಅವೇ ಆಸರೆಯಾದವು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಮುಂದಾಯಿತು, 2003ರಲ್ಲಿ ಸುಮಾರು 290 ಟನ್ ಪಾದರಸ ತ್ಯಾಜ್ಯ ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಪಾದರಸ ಬಂದ ದಾರಿಯಲ್ಲೇ ಹಿಂದಿರುಗಿದ್ದು ಅಪರೂಪದ ಸಂಗತಿ. ಕಾರ್ಮಿಕರಿಗೆ ಮಾತ್ರ ನ್ಯಾಯದ ದಾರಿ ಉದ್ದವಾಯಿತು. 591 ಮಾಜಿ ಕಾರ್ಮಿಕರ ಜೊತೆ ಕಂಪನಿ ಒಪ್ಪಂದಕ್ಕೆ ಬಂದಿದ್ದು 2016ರಲ್ಲಿ, ಬಾಗಿಲು ಮುಚ್ಚಿದ ಹದಿನೈದು ವರ್ಷಕ್ಕೆ.

ಮಣ್ಣಿನದು ಇನ್ನೂ ಕಷ್ಟ. ಕಾರ್ಖಾನೆಯ ಕೆಳಗಿನ ಇಳಿಜಾರಿನಲ್ಲಿ ಪಾಂಬಾರ್ ಶೋಲಾ ಕಾಡಿದೆ. ಇಳಿಜಾರಿನಲ್ಲಿ ಹರಿದ ಪಾದರಸ ನೀರಿನ ತಳದ ಕೆಸರು ಸೇರಿದರೆ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ ಸಾಂದ್ರವಾಗುತ್ತದೆ. ಹಾಗಾಗಿ ಎಷ್ಟು ತೊಳೆದರೆ ಸಾಕು ಎಂಬ ಅಂಕಿಯೇ ಇಲ್ಲಿ ನ್ಯಾಯದ ಪ್ರಶ್ನೆಯಾಯಿತು. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಪಾದರಸ ಉಳಿದರೆ ಆದೀತು ಎಂದು ಶುದ್ಧೀಕರಣದ ಮಿತಿ ನಿಗದಿಯಾಯಿತು. ಕಂಪನಿಯ ತವರು ಬ್ರಿಟನ್ನಿನಲ್ಲಾದರೆ ಇಷ್ಟನ್ನು ಒಪ್ಪುತ್ತಿದ್ದಿರಾ ಎಂದು ಹೋರಾಟಗಾರರು ಕೇಳಿದರು.