ನಲವತ್ತು ವರ್ಷದ ಕಾರಿಗೆ ಎಷ್ಟು ಕೊಡಬೇಕು?

ಕಳೆದ ವಸಂತದಲ್ಲಿ ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ನಿಂದ ಹಿರಿಯ ಕನ್ನಡತಿಯೊಬ್ಬರು ದೂರವಾಣಿ ಮಾಡಿದರು. ಅವರ ಪತಿ ನನಗಿಂತ ಒಂದು ತಲೆಮಾರು ಮೊದಲೇ ಅಮೆರಿಕಕ್ಕೆ ಬಂದ ವೈದ್ಯರು, ತೀರಿಕೊಂಡು ವರ್ಷವಾಗಿತ್ತು. ಗ್ಯಾರೇಜಿನಲ್ಲಿ ಅವರ 1985ರ ಮರ್ಸಿಡಿಸ್ 300ಡಿ ಕಾರು ನಿಂತಿತ್ತು. ನೆರೆಯವನೊಬ್ಬ ನಾಲ್ಕು ಸಾವಿರ ಡಾಲರಿಗೆ ಕೇಳಿದ್ದ. ಅಟ್ಲಾಂಟಾದಲ್ಲಿರುವ ಮಗ ಅಂತರ್ಜಾಲ ನೋಡಿ, ಇಪ್ಪತ್ತು ಸಾವಿರಕ್ಕೆ ಕಡಿಮೆ ಬೇಡ ಎಂದಿದ್ದ. “ಡಾಕ್ಟ್ರೇ, ನಮ್ಮ ಯಜಮಾನ್ರ ಕಾರು ನಿಮಗೆ ಇಷ್ಟ ಅಂತ ಗೊತ್ತು. ನೀವೇ ಒಂದು ಬೆಲೆ ಹೇಳಿ. ನನಗೆ ಇದರ ಗಂಧಗಾಳಿ ಗೊತ್ತಿಲ್ಲ” ಎಂದರು.

ಕೊಳ್ಳುವವನೇ ಬೆಲೆ ಕಟ್ಟಬೇಕಾದ ಸಂಕಟ ಅದು. ಮೇರಿಲ್ಯಾಂಡಿನ ರಾಕ್‌ವಿಲ್‌ನಿಂದ ಎಂಟು ಗಂಟೆಯ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಹೋದೆ.

ಈ ಕಾರು ಅಪರೂಪದ್ದಲ್ಲ. ‘ಡಬ್ಲ್ಯು 123’ ಎಂಬ ಈ ಸರಣಿಯಲ್ಲಿ ಸುಮಾರು 27 ಲಕ್ಷ ಕಾರುಗಳು ತಯಾರಾದವು. ಬೆಲೆಯೇನಿದ್ದರೂ ಉಳಿದುಬಂದಿರುವ ಸ್ಥಿತಿಗೆ. ನಮ್ಮ ಕಡೆ ಚಳಿಗಾಲದ ರಸ್ತೆಗಳಿಗೆ ಸುರಿಯುವ ಉಪ್ಪು ಹಳೆಯ ಕಾರುಗಳ ತಳವನ್ನು ತಿಂದುಹಾಕುತ್ತದೆ. ಹಿಮ ಕಡಿಮೆಯಿರುವ ಕ್ಯಾರೊಲೈನಾ, ಜಾರ್ಜಿಯಾಗಳ ಕಾರುಗಳನ್ನು ಜನ ಹುಡುಕಿಕೊಂಡು ಹೋಗುವುದು ಅದಕ್ಕಾಗಿಯೇ. ಬಣ್ಣ ಮತ್ತೆ ಬಳಿಸಬಹುದು. ತುಕ್ಕು ಹಿಡಿದ ತಳದ ದುರಸ್ತಿಗೆ ಕಾರಿನ ಬೆಲೆಯೂ ಸಾಲದೆ ಹೋಗಬಹುದು.

ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. (ಮುಂಚೆಯೇ ಬಿಸಿಮಾಡಿಟ್ಟ ಡೀಸೆಲ್ ಇಂಜಿನ್ ತನ್ನ ರೋಗ ಹೇಳುವುದಿಲ್ಲ.) ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಚಕ್ರಗಳ ಕಮಾನಿನ ಮೇಲೆ, ಬಾಗಿಲುಗಳ ಕೆಳಗೆ ಆಡಿಸಿದೆ, ಎಲ್ಲೆಡೆ ಅಂಟಿತು. ಬಣ್ಣದಡಿ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಅಂಟುತ್ತಿರಲಿಲ್ಲ. ಜ್ಯಾಕ್ ಕೊಡುವ ಜಾಗಗಳೂ ಗಟ್ಟಿಯಾಗಿದ್ದವು. ಟೈರುಗಳು ಸವೆದಿರಲಿಲ್ಲ, ಆದರೆ ಅವುಗಳ ಪಕ್ಕದ ಅಂಕಿ 1409, ಅಂದರೆ 2009ರ ಹದಿನಾಲ್ಕನೆಯ ವಾರದ ತಯಾರಿಕೆ. ಬದಲಿಸದೆ ವಿಧಿಯಿಲ್ಲ. ಎ.ಸಿ. ಬಿಸಿಗಾಳಿ ಊದುತ್ತಿತ್ತು.

ಒಡೋಮೀಟರ್ ತೋರಿಸುತ್ತಿದ್ದುದು 61,400 ಮೈಲಿ. ಮಗನ ಇಪ್ಪತ್ತು ಸಾವಿರ ನಿಂತಿದ್ದುದು ಈ ಅಂಕಿಯ ಮೇಲೆ. ಯಜಮಾನರು ಜೋಪಾನವಾಗಿಟ್ಟಿದ್ದ ರಸೀದಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಹಳೆಯ ಕಡತ ಓದದೆ ಔಷಧ ಬರೆಯುವ ಅಭ್ಯಾಸ ನನಗಿಲ್ಲ. 2006ರ ರಸೀದಿಯಲ್ಲಿ 61,400. 2011ರದರಲ್ಲೂ 61,400! ಒಳಗಿನ ಸಣ್ಣ ಹಲ್ಲುಚಕ್ರ ಮುರಿದು ಮೀಟರು ಎಂದೋ ನಿಂತುಹೋಗಿತ್ತು. ಈ ಸಂಗತಿ ಹೇಳಿದರೆ ಬೆಲೆ ಇಳಿದು ಲಾಭವಾಗುವುದು ನನಗೇ. ಆದ್ದರಿಂದ ಬಾಯಿಮಾತಿನಲ್ಲಿ ಹೇಳದೆ ಎರಡೂ ರಸೀದಿಗಳನ್ನು ಆಕೆಯ ಮುಂದಿಟ್ಟೆ, ಮಗನಿಗೂ ಚಿತ್ರ ಕಳುಹಿಸಿದೆ.

ಹಳೆಯ ಕಾರುಗಳ ವಿಮೆ ಮಾಡುವ ಹ್ಯಾಗರ್ಟಿ ಸಂಸ್ಥೆ ನಾಲ್ಕು ದರ್ಜೆಗಳಲ್ಲಿ ಬೆಲೆಗಳನ್ನು ಪ್ರಕಟಿಸುತ್ತದೆ. ಒಂದನೆಯದು ಪ್ರದರ್ಶನದಲ್ಲಿ ಗೆಲ್ಲುವ ಕಾರು. ಇದು ಮೂರನೆಯದೆಂದು ತೀರ್ಮಾನಿಸಿದೆ. ಜಾಹೀರಾತುಗಳಲ್ಲಿ ಕೇಳುವ ಬೆಲೆಗಳನ್ನು ಬದಿಗಿಟ್ಟು, ಆನ್‌ಲೈನ್ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನಷ್ಟೇ ನೋಡಿದೆ. ಟೈರು, ಎ.ಸಿ. ಖರ್ಚು ಕಳೆದು 11,500 ಡಾಲರ್ ಎಂದು ಬರೆದುಕೊಂಡೆ. ಆದರೂ ಮನಸ್ಸು ಒಪ್ಪದೆ, ಸ್ವತಂತ್ರ ಮೌಲ್ಯಮಾಪಕರೊಬ್ಬರನ್ನು ನನ್ನ ಖರ್ಚಿನಲ್ಲೇ ಕರೆಸಿದೆ. ಅವರು ಬರೆದದ್ದು 13,800. ತಪ್ಪು ನನ್ನದೇ: ಟೈರು, ಎ.ಸಿ.ಗಳ ಕೊರತೆಗೆಂದು ದರ್ಜೆ ಇಳಿಸಿದ ಮೇಲೆ ಮತ್ತೆ ಅವುಗಳಿಗೇ ದುಡ್ಡು ಕಳೆದಿದ್ದೆ. ಲೆಕ್ಕದ ತಪ್ಪೂ ನನ್ನ ಕಡೆಗೇ ವಾಲಿತ್ತಲ್ಲ ಎಂದು ನಾಚಿಕೆಯಾಯಿತು. 13,800ಕ್ಕೇ ಚೆಕ್ ಬರೆದೆ. ಮಗ ತಕರಾರು ಮಾಡಲಿಲ್ಲ.

ರೆಸಿಡೆನ್ಸಿಗೆಂದು ಹೊಸದಾಗಿ ಬರುವ ತರುಣರು ಇದನ್ನೋದಿ ಮರುಳಾಗದಿರಲಿ. ‘ಹಿಸ್ಟಾರಿಕ್’ ನಂಬರ್ ಪ್ಲೇಟಿನ ಕಾರಿನಲ್ಲಿ ದಿನವೂ ಆಸ್ಪತ್ರೆಗೆ ಹೋಗಿಬರಲು ಮೇರಿಲ್ಯಾಂಡಿನಲ್ಲಿ ಅನುಮತಿಯಿಲ್ಲ. ವಿಮೆಯನ್ನೂ ಮೊದಲೇ ಒಪ್ಪಿಕೊಂಡ ಮೊತ್ತಕ್ಕೆ ಮಾಡಿಸಬೇಕು. ಸಾಮಾನ್ಯ ವಿಮೆಯ ಲೆಕ್ಕದಲ್ಲಿ ಇದು ಬರೀ ಹಳೆಯ ಕಾರು.

ಮೈಸೂರಿನ ಅಣ್ಣನಿಗೆ ಆ ರಾತ್ರಿ ಬೆಲೆ ಹೇಳಿದೆ. ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸುತ್ತಿದ್ದನೇನೋ, ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದ: “ಮೈಲೇಜ್ ಎಷ್ಟು ಕೊಡುತ್ತೋ?”