ಗುಟ್ಟು ಒಬ್ಬರದು... ಹೊತ್ತವರು ಮನೆಯವರು!

ಒಲಿಂಪಿಕ್ಸ್ ಚಿನ್ನ, ಹಾಲಿವುಡ್ ಚಿತ್ರದಲ್ಲಿ ದೊಡ್ಡ ಪಾತ್ರ, ಮೂರು ಮದುವೆ, ಆರು ಮಕ್ಕಳು. ಗಂಡಸು ಅಂದರೆ ಇವನಪ್ಪಾ ಅಂತ ಅಮೆರಿಕ ತಲೆಮೇಲೆ ಹೊತ್ತು ಮೆರೆಸಿದ ಆಸಾಮಿ. ಅಂಥವರು 65ನೇ ವಯಸ್ಸಿನಲ್ಲಿ ಟಿ.ವಿ. ಕ್ಯಾಮೆರಾ ಮುಂದೆ ಕೂತು, ತಾವು ಹೆಣ್ಣು ಅಂದುಬಿಟ್ಟರೆ?

ಅಂದುಬಿಟ್ಟರು! 2015ರ ಏಪ್ರಿಲ್ 24ರ ರಾತ್ರಿ, ಡಯೇನ್ ಸಾಯರ್ ನಡೆಸಿದ ಇಂಟರ್‌ವ್ಯೂನಲ್ಲಿ. ಸುಮಾರು 1 ಕೋಟಿ 70 ಲಕ್ಷ ಜನ ಕಣ್ಣು ಮಿಟುಕಿಸದೆ ನೋಡಿದರು. ಜೂನ್ ತಿಂಗಳಲ್ಲಿ 'ವ್ಯಾನಿಟಿ ಫೇರ್' ಪತ್ರಿಕೆಯ ಮುಖಪುಟದ ಮೇಲೆ ಹೊಸ ರೂಪ, ಹೊಸ ಹೆಸರು. ಬ್ರೂಸ್ ಜೆನ್ನರ್ ಹೋಗಿ ಕೇಟ್ಲಿನ್ ಜೆನ್ನರ್!

ಇಂಗ್ಲಿಷಿನವರಿಗೆ 'ಅವನು' ಅನ್ನಬೇಕೋ 'ಅವಳು' ಅನ್ನಬೇಕೋ ಅಂತ ದೊಡ್ಡ ಪೇಚಾಟ. ನಮ್ಮ ಕನ್ನಡದ ಪುಣ್ಯ, 'ಅವರು' ಅಂದರೆ ಮುಗೀತು. ಮರ್ಯಾದೆಯೂ ಉಳಿಯಿತು, ಗಂಡೋ ಹೆಣ್ಣೋ ಅನ್ನುವ ತಂಟೆಯೂ ಇಲ್ಲ.

ಆದರೆ ಮುಖಪುಟದ ಮೇಲೆ ಬಂದದ್ದು ಒಬ್ಬರ ಕಥೆ. ಮುಖಪುಟಕ್ಕೆ ಬಾರದೆ ಉಳಿದದ್ದು ಮನೆಯವರ ಕಥೆ. ನಾವು ಹೇಳಹೊರಟಿರುವುದು ಅದನ್ನೇ.

ಮೊದಲನೆಯವರು: ಗಗನಸಖಿ

ಹುಡುಗನಾಗಿದ್ದಾಗಲೇ ಜೆನ್ನರ್ ಯಾರೂ ಇಲ್ಲದ ಹೊತ್ತಿನಲ್ಲಿ ಹೆಣ್ಣುಮಕ್ಕಳ ಉಡುಪು ತೊಟ್ಟು ನೋಡುತ್ತಿದ್ದರಂತೆ. ಯಾಕೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಮೈದಾನದಲ್ಲಿ ಓಡಿದಷ್ಟೂ ಆ ಪ್ರಶ್ನೆ ಹಿಂದೆಯೇ ಓಡಿಬಂತು.

1972ರಲ್ಲಿ ಕ್ರಿಸ್ಟಿಯನ್ನು ಮದುವೆಯಾದರು. ಆಕೆ ಗಗನಸಖಿ. ಗಂಡ ಅಭ್ಯಾಸ ಮಾಡುತ್ತಿದ್ದಾಗ ಮನೆ ನಡೆದದ್ದು ಮುಖ್ಯವಾಗಿ ಆಕೆಯ ಸಂಬಳದಿಂದ. 1976ರಲ್ಲಿ ಮಾಂಟ್ರಿಯಲ್‌ನ ಡೆಕಾಥ್ಲಾನ್‌ನಲ್ಲಿ ವಿಶ್ವದಾಖಲೆಯೊಂದಿಗೆ ಚಿನ್ನ ಬಂದಾಗ ಮೈದಾನದಲ್ಲಿ ಗಂಡನನ್ನು ಅಪ್ಪಿಕೊಂಡ ಆ ಹುಡುಗಿಯನ್ನು ಇಡೀ ದೇಶ ನೋಡಿತು. ಮದುವೆಯಾದ ಹೊಸದರಲ್ಲೇ ಗಂಡ ತನ್ನ ಮನಸ್ಸಿನ ವಿಷಯ ಆಕೆಗೆ ಹೇಳಿಯಾಗಿತ್ತು ಅನ್ನುವುದನ್ನು ಮಾತ್ರ ಯಾರೂ ನೋಡಲಿಲ್ಲ! ಆಕೆ ಅದನ್ನು ಹೊರಗೆ ಹೇಳಿದ್ದು 2015ರಲ್ಲಿ, ಜೆನ್ನರ್ ಅವರೇ ಬಾಯಿಬಿಟ್ಟ ಮೇಲೆ.

ಎರಡನೆಯವರು: ಎಲ್ವಿಸ್ ಗೆಳತಿ

1980ರಲ್ಲಿ 'ಕಾಂಟ್ ಸ್ಟಾಪ್ ದ ಮ್ಯೂಸಿಕ್' ಚಿತ್ರದಲ್ಲಿ ಜೆನ್ನರ್ ನಟಿಸಿದರು. ಚಿತ್ರ ಮಕಾಡೆ ಮಲಗಿತು. ಅತಿ ಕೆಟ್ಟ ಚಿತ್ರಕ್ಕೆ ಕೊಡುವ 'ರ‍್ಯಾಜಿ'ಯ ಮೊದಲನೇ ಪ್ರಶಸ್ತಿಯೂ ಅದಕ್ಕೇ! ಮರುವರ್ಷ ಲಿಂಡಾ ಥಾಂಪ್ಸನ್ ಜೊತೆ ಎರಡನೇ ಮದುವೆ. ಎಲ್ವಿಸ್ ಪ್ರೀಸ್ಲಿಯ ಗೆಳತಿಯಾಗಿದ್ದ ಸುಂದರಿ ಈಕೆ. ಮುಂದೆ 'ದಿ ಬಾಡಿಗಾರ್ಡ್' ಚಿತ್ರದ ಹಾಡಿಗೆ ಸಾಹಿತ್ಯ ಬರೆದು ಆಸ್ಕರ್ ನಾಮಕರಣ ಪಡೆದವರೂ ಈಕೆಯೇ.

ಇಬ್ಬರು ಗಂಡುಮಕ್ಕಳಾದರು. ಕಿರಿಯವನು ಇನ್ನೂ ಕೈಗೂಸು ಅನ್ನುವಂತಿದ್ದಾಗ ಗಂಡ ಎದುರಿಗೆ ಕೂತು ನಿಜ ಹೇಳಿದರು. ಲಿಂಡಾ ಅತ್ತರು. ಇಬ್ಬರೂ ಮನೋತಜ್ಞರ ಹತ್ತಿರ ಹೋದರು. ಇದು ಔಷಧಿಗೆ ವಾಸಿಯಾಗುವ ಕಾಯಿಲೆಯಲ್ಲ, ಈ ಮನುಷ್ಯ ಇರುವುದೇ ಹೀಗೆ ಅನ್ನುವುದು ಆಗ ತಿಳಿಯಿತು. 1986ರಲ್ಲಿ ವಿಚ್ಛೇದನ.

ಒಂದು ಪತ್ರಿಕಾಗೋಷ್ಠಿ ಕರೆದಿದ್ದರೆ ಸಾಕಿತ್ತು, ಜೆನ್ನರ್ ಹೆಸರು ಮಣ್ಣುಪಾಲಾಗುತ್ತಿತ್ತು. ಲಿಂಡಾ ಕರೆಯಲಿಲ್ಲ. ಸುಮಾರು 30 ವರ್ಷ ತುಟಿ ಹೊಲಿದುಕೊಂಡಿದ್ದರು. ಹೆತ್ತ ಮಕ್ಕಳಿಗೂ ಹೇಳಿದ್ದು ಅವರು ಮೂವತ್ತರ ಆಸುಪಾಸಿಗೆ ಬಂದ ಮೇಲೆ! ತನ್ನ ಸಂಸಾರ ಯಾಕೆ ಮುರಿಯಿತು ಅಂತ ಹೇಳಿಕೊಳ್ಳಲಾಗದೆ ಬದುಕುವುದಿದೆಯಲ್ಲ, ಅದೇನು ಸಣ್ಣ ಸಂಕಟವೇ?

ಮೂರನೆಯವರು: ತಕರಾರು ಇಲ್ಲೇ!

1980ರ ದಶಕದ ಕೊನೆಗೆ ಜೆನ್ನರ್ ಹೆಣ್ಣಾಗಲು ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಕ್ರಿಸ್ ಕಾರ್ಡಾಶಿಯನ್ ಪರಿಚಯ, ಪ್ರೇಮ. ಹಾರ್ಮೋನ್ ನಿಂತಿತು, 1991ರಲ್ಲಿ ಮದುವೆ ನಡೆಯಿತು. ಕೆಂಡಲ್, ಕೈಲಿ ಹುಟ್ಟಿದರು. 2007ರಿಂದ ಇಡೀ ಮನೆಯೇ ಟಿ.ವಿ. ಷೋ ಆಯಿತು. ಅಡುಗೆಮನೆ ಜಗಳವನ್ನೂ ಲೋಕವೆಲ್ಲ ನೋಡುತ್ತಿದ್ದ ಆ ಮನೆಯಲ್ಲಿ ಒಂದು ಗುಟ್ಟು ಮಾತ್ರ ಕ್ಯಾಮೆರಾಕ್ಕೆ ಸಿಗಲಿಲ್ಲ.

ಮದುವೆಗೆ ಮುಂಚೆಯೇ ಹೇಳಿದ್ದೆ ಅನ್ನುತ್ತಾರೆ ಜೆನ್ನರ್. ಇಷ್ಟೆಲ್ಲಾ ನನಗೆ ತಿಳಿಸಿರಲಿಲ್ಲ ಅನ್ನುತ್ತಾರೆ ಕ್ರಿಸ್. 2015ರ ಮಾರ್ಚ್‌ನಲ್ಲಿ ವಿಚ್ಛೇದನ ಪೂರ್ತಿಯಾಯಿತು. 2017ರಲ್ಲಿ ಜೆನ್ನರ್ ಆತ್ಮಕಥೆ ಬಂದಾಗ ಆರುತ್ತಿದ್ದ ಕಿಡಿ ಮತ್ತೆ ಹೊತ್ತಿಕೊಂಡಿತು. ಯಾರು ಸರಿ? ಇಬ್ಬರೇ ಇದ್ದ ಕೋಣೆಯ ಮಾತಿಗೆ ಮೂರನೆಯವರು ತೀರ್ಪು ಕೊಡೋಕಾಗೋದಿಲ್ಲ. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದಾಕೆಗೆ, ನಾನು ಬಾಳಿದ್ದು ಯಾರ ಜೊತೆ ಅನ್ನುವ ಪ್ರಶ್ನೆ ಎದ್ದರೆ ಅದು ತಪ್ಪಂತೂ ಅಲ್ಲ.

ಮಕ್ಕಳು ಏನಂದರು?

ಮೊದಲ ಎರಡು ಮದುವೆಯ ನಾಲ್ವರು ಮಕ್ಕಳಿಗೆ ತಂದೆಯ ಮೇಲೆ ಹಳೆಯ ದೂರುಗಳಿದ್ದವು. ಬೆಳೆಯುವ ವಯಸ್ಸಿನಲ್ಲಿ ಮಕ್ಕಳ ಹತ್ತಿರ ಇರಲಿಲ್ಲ ಅಂತ ಜೆನ್ನರ್ ಕೂಡಾ ಒಪ್ಪಿಕೊಂಡಿದ್ದಾರೆ. ಆದರೂ ಆ ಇಂಟರ್‌ವ್ಯೂ ರಾತ್ರಿ ಬೆಂಬಲಕ್ಕೆ ಬಂದವರು ಈ ಮಕ್ಕಳೇ! ತನ್ನನ್ನು ಅಪ್ಪ ಅಂತಲೇ ಕರೆಯಿರಿ ಅಂತ ಜೆನ್ನರ್ ಎಲ್ಲ ಮಕ್ಕಳಿಗೂ ಹೇಳಿದರು. ಹೆಸರು ಬದಲಾಯಿತು, ಉಡುಪು ಬದಲಾಯಿತು, ಆ ಒಂದು ಪದ ಬದಲಾಗಲಿಲ್ಲ.

ಮುದಿ ತಾಯಿ ಎಸ್ತರ್? ಮಗ ಚಿನ್ನ ಗೆದ್ದಾಗಿನ ಹೆಮ್ಮೆಗಿಂತ ಈಗಿನ ಹೆಮ್ಮೆಯೇ ದೊಡ್ಡದು ಅಂದರು ಆಕೆ!

ನಮ್ಮಲ್ಲಿ...

ಜೆನ್ನರ್ ಇಂಟರ್‌ವ್ಯೂಗೆ ಸರಿಯಾಗಿ ಒಂದು ತಿಂಗಳ ಮುಂಚೆ, ನಮ್ಮ 'ನಾನು ಅವನಲ್ಲ ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಘೋಷಣೆಯಾಗಿತ್ತು. 2021ರಲ್ಲಿ ನಾವು ಕಳೆದುಕೊಂಡ ಆ ಕಲಾವಿದ ಮಾದೇಶನಾಗಿ, ವಿದ್ಯಾಳಾಗಿ ಬದುಕಿ ತೋರಿಸಿದರು. ಆ ಕಥೆಯ ವಿದ್ಯಾ ಚಿಕ್ಕ ವಯಸ್ಸಿನಲ್ಲೇ ನಿಜದ ಹಿಂದೆ ಹೊರಟವಳು. ಅದಕ್ಕೆ ತೆತ್ತ ಬೆಲೆ, ಹುಟ್ಟಿದ ಮನೆ.

ಜೆನ್ನರ್ ನಿಜ ಹೇಳಲು 65 ವರ್ಷ ಕಾದರು. ಆ ಹೊತ್ತಿಗೆ ತಾವೇ ಕಟ್ಟಿದ ಮನೆಗಳಿದ್ದವು, ಅದರೊಳಗೆ ಹೆಂಡಿರು ಮಕ್ಕಳಿದ್ದರು. ಬೆಲೆಯಲ್ಲಿ ಅವರ ಪಾಲೂ ಸೇರಿತು.

ಬೇಗ ಹೇಳಿದರೆ ಮನೆಯಿಂದ ಆಚೆ ಹಾಕುವವರು ನಾವು. ತಡವಾಗಿ ಹೇಳಿದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಕೇಳುವವರೂ ನಾವೇ. ಹಾಗಾದರೆ ಅವರು ಹೇಳುವುದಾದರೂ ಯಾವಾಗ ಸ್ವಾಮಿ?